ಕರಿಕುರಿಯ ಕಂಬಳಿ

ಇಂಗ್ಲಿಷಿನವರಿಗೆ ಕರಿಕುರಿ ಏನು ಅನ್ಯಾಯ ಮಾಡಿತ್ತೋ ನನಗೆ ಗೊತ್ತಿಲ್ಲ. ನಮ್ಮ ದೊಡ್ಡಪ್ಪನಿಗೆ ನಮ್ಮತ್ತೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ, ಅದು ಮಾತ್ರ ಗೊತ್ತು.

ಅತ್ತೆ ಎಂದರೆ ದೊಡ್ಡಪ್ಪನಿಗೂ ನನ್ನಪ್ಪನಿಗೂ ಇದ್ದ ಒಬ್ಬಳೇ ತಂಗಿ. ಹೊಡೆಯುವ ಗಂಡನನ್ನು ಬಿಟ್ಟು ಬಂದು ಗೋಣಿಬೀಡಿನಲ್ಲಿ ಟೀಚರ್ ಆಗಿದ್ದಳು. ಅಷ್ಟೇ ಅವಳ ತಪ್ಪು. ತೊಂಬತ್ತರ ದಶಕದ ಮಧ್ಯದಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ದೊಡ್ಡಪ್ಪನ ಮಗಳನ್ನು ನೋಡಲು ಚಿಕ್ಕಮಗಳೂರಿನ ದೊಡ್ಡ ಎಸ್ಟೇಟಿನವರು ಬಂದರು. ಅತ್ತೆ ಕಾಫಿ ತಂದಿಟ್ಟಳು. ಗಂಡಿನ ಅಪ್ಪ ‘ಇವರು?’ ಎಂದರು. ದೊಡ್ಡಪ್ಪ ನಗುತ್ತಾ, ಇಂಗ್ಲಿಷಿನಲ್ಲಿ, ನಮ್ಮ ಫ್ಯಾಮಿಲಿಯ ‘ಬ್ಲ್ಯಾಕ್ ಶೀಪ್’ ಎಂದುಬಿಟ್ಟರು! ಮನೆತನದ ಹೆಸರು ಕೆಡಿಸಿದವರಿಗೆ ಹೇಳುವ ಮಾತದು. ಟೀಚರಿಗೆ ಅಷ್ಟೂ ಇಂಗ್ಲಿಷ್ ಬರುವುದಿಲ್ಲವೇ? ಅತ್ತೆ ಖಾಲಿ ಟ್ರೇ ಹಿಡಿದು ಒಳಗೆ ಹೋದಳು.

ಸಂಬಂಧ ಕುದುರಿತು. ‘ಮದುವೆಗೆ ನಾನು ಬರಲ್ಲ ಕಣೇ. ನನ್ನಿಂದ ಆ ಹುಡುಗಿಗೆ ಯಾಕೆ ತೊಂದರೆ,’ ಎಂದಳು ಅತ್ತೆ ನನಗೆ. ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳೇ ಅವಳು.

ನನಗೆ ಮೈಯೆಲ್ಲ ಉರಿಯಿತು. ಸೋಮವಾರ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದೆ, ಕಪ್ಪು ಕುರಿ ಯಾಕೆ ಸಾರ್ ಕೆಟ್ಟದ್ದು?

‘ಅವರ ದೇಶದಲ್ಲಿ ಬಿಳಿ ಉಣ್ಣೆಗೆ ಬೇಕಾದ ಬಣ್ಣ ಹಾಕ್ತಾರೆ. ಕಪ್ಪು ಉಣ್ಣೆ ಬಣ್ಣ ಹಿಡಿಯಲ್ಲ, ಅದಕ್ಕೆ ಬೆಲೆ ಇರಲಿಲ್ಲ. ಹಾಗೆ ಹುಟ್ಟಿದ ಮಾತು ಅಂತಾರೆ.’

ಇಷ್ಟೇನಾ! ಥೂ! ಮಳೆಗಾಲಕ್ಕೆ ಮುಂಚೆ ಬಯಲುಸೀಮೆಯಿಂದ ಕಂಬಳಿ ಮಾರುವವನು ಬಂದರೆ ನಮ್ಮಜ್ಜಿ ಏನು ಮಾಡುತ್ತಿದ್ದಳು? ಕಂಬಳಿಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ತಿಕ್ಕುತ್ತಿದ್ದಳು. ಬಟ್ಟೆಗೆ ಕಪ್ಪು ಹತ್ತಿದರೆ ಮುಗಿಯಿತು. ‘ಬಣ್ಣ ಹಾಕಿದ್ದು ನಮಗ್ಯಾಕೆ, ತಗೊಂಡ್ಹೋಗು ಮಾರಾಯ!’ ಅವಳಿಗೆ ಕರಿಕುರಿಯ ಉಣ್ಣೆಯದೇ ಆಗಬೇಕಿತ್ತು. ಅಂಥದ್ದನ್ನೇ ಹೊದ್ದು ದೊಡ್ಡಪ್ಪ ಅಷ್ಟೂ ವರ್ಷ ತೋಟ ಸುತ್ತಿದ್ದರು.

ಅಜ್ಜಿಗೆ ಇಂಗ್ಲಿಷ್ ಬಾರದು. ಅವತ್ತು ಎಲ್ಲರೂ ನಕ್ಕರೆಂದು ತಾನೂ ನಕ್ಕಿದ್ದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ.

ಸಂಜೆ ದೊಡ್ಡಪ್ಪ ತೋಟದಿಂದ ಬಂದು ಕಂಬಳಿಯನ್ನು ಗೂಟಕ್ಕೆ ಹಾಕಿದರು. ಅಜ್ಜಿ ಎದ್ದು ಅದನ್ನು ಎಳೆದುಕೊಂಡಳು.

‘ನಾಳೆಯಿಂದ ಬಿಳೀದು ಹುಡುಕ್ಕೋ,’ ಎಂದಳು. ‘ನನ್ನ ಮಗಳನ್ನ ನನ್ನೆದುರೇ ಕರಿಕುರಿ ಅಂದ್ಯಲ್ಲೋ! ಹೆತ್ತವಳು ನಾನೂ ಹಲ್ಲು ಕಿರಿದೆ. ಧಾರೆಗೆ ಅವಳು ನನ್ನ ಪಕ್ಕದಲ್ಲೇ ಕೂರ್ತಾಳೆ. ಇಲ್ಲಾಂದ್ರೆ ನಾನೂ ಬರಲ್ಲ.’

ಮರುದಿನ ಬೆಳಿಗ್ಗೆ ಅಜ್ಜಿ ತಾನೇ ಗೋಣಿಬೀಡಿಗೆ ಹೋಗಿ ಮಗಳನ್ನು ಮದುವೆಗೆ ಕರೆದಳು.

ಮದುವೆಯಲ್ಲಿ ಅತ್ತೆ ಅಜ್ಜಿಯ ಪಕ್ಕ, ಮುಂದಿನ ಸಾಲಿನಲ್ಲೇ ಕೂತಳು. ಗಂಡಿನ ಕಡೆಯ ಯಾರೋ ಇವರು ಯಾರೆಂದು ಕೇಳಿದರು. ದೊಡ್ಡಪ್ಪ ಈ ಸಲ ಕನ್ನಡದಲ್ಲೇ, ‘ನನ್ನ ತಂಗಿ, ಟೀಚರು,’ ಎಂದರು.

ಅತ್ತೆ ದೊಡ್ಡಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಒಳ್ಳೇದೇ ಮಾಡಿದಳು.