ನಾಲ್ಕನೆಯ ತುಂಡು

ಮೊನ್ನೆ ಮೊಮ್ಮಗಳ ಪುಸ್ತಕಗಳಿಗೆ ರಟ್ಟು ಹಾಕಬೇಕೆಂದು ಮೈದಾ ಅಂಟು ಕುದಿಸುತ್ತಿದ್ದೆ. ಹುಳ ಹತ್ತಬಾರದೆಂದು ಚಿಟಿಕೆ ಮೈಲುತುತ್ತ ಹಾಕಿದೆ. ಬಿಸಿ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಚಮಚ ಹಿಡಿದ ಕೈ ನಿಂತುಬಿಟ್ಟಿತು. ಈ ಹದ ನನಗೆ ಹೇಳಿಕೊಟ್ಟವರು ಅಕ್ಕೋರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆನ್ನುತ್ತೇವೆ. ನನಗೇನೂ ಕಲಿಸಿದವರಲ್ಲ, ಬಸ್ಸಿನ ಪರಿಚಯ. ಕಮರಿಪೇಟೆಯ ಅವರಿಗೆ ಧಾರವಾಡದ ಪ್ರಾಥಮಿಕ ಸಾಲಿ, ನನಗೆ ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ನಾನು ಬೈರಿದೇವರಕೊಪ್ಪದಲ್ಲಿ ಹತ್ತುವವರೆಗೂ ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟು, ಯಾರು ಕೇಳಿದರೂ "ಬರ್ತಾರ್ರಿ, ಬರ್ತಾರ" ಎನ್ನುತ್ತಿದ್ದರಂತೆ.

ಅದೇ ಬಸ್ಸಿನಲ್ಲಿ ನಾವು ಐದು ಜನ ಹೆಂಗಸರು ಓದುವ ಹುಚ್ಚಿನವರು. ಹಳೇ ಪುಸ್ತಕದವನ ಹತ್ತಿರ ಪತ್ತೇದಾರಿ ಕಾದಂಬರಿ ಕೊಂಡು ತರುವವರು ಅಕ್ಕೋರೇ. ಐದು ಜನ ಎಷ್ಟಂತ ಕಾಯುವುದು? ಅದಕ್ಕೆ ಬ್ಲೇಡಿನಿಂದ ಪುಸ್ತಕವನ್ನು ನಾಲ್ಕು ತುಂಡು ಮಾಡಿ, ದಾರದಿಂದ ಹೊಲಿದು, ಒಂದೊಂದಕ್ಕೂ ಖಾಕಿ ರಟ್ಟು ಅಂಟಿಸುತ್ತಿದ್ದರು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಹೆಂಗಸು! ಅವರ ಮನೆತನದಲ್ಲಿ ಸಾಲಿಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳಂತೆ. ಆದರೂ ಹರಿಯುತ್ತಿದ್ದರು, ನಮಗಾಗಿ.

ಕಾಯ್ದೆಯೂ ಅವರದೇ. ಮೂರನೆಯ ತುಂಡು ಮುಗಿಸಿದವರು ಕೊಲೆಗಾರ ಯಾರೆಂದು ಚೀಟಿಯಲ್ಲಿ ಬರೆದು, ಅದರ ಹಿಂದಿನ ಕಾಗದದ ಕಿಸೆಗೆ ಹಾಕಬೇಕು. ಕೊನೆಯವರು ಕಿಸೆಯ ಬಾಯಿ ಅಂಟಿಸಬೇಕು. ಐದೂ ಜನ ನಾಲ್ಕನೆಯದನ್ನು ಓದಿದ ಮೇಲೆಯೇ ಕಿಸೆ ಒಡೆಯುವುದು. ಅಲ್ಲಿಯತನಕ ಬಾಯಿ ಬಿಡುವಂತಿಲ್ಲ. ಸರಿಯಾಗಿ ಬರೆದವರಿಗೆ ಉಳಿದವರು ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಸಬೇಕು. ಅಕ್ಕೋರು ಒಮ್ಮೆಯೂ ಗೆದ್ದವರಲ್ಲ. ಯಾರ ಮೇಲೂ ಸಂಶಯ ಪಡದ ಜೀವ ಅದು, ಗೆಲ್ಲುವುದೆಲ್ಲಿಂದ? ನಾವು ಚಹಾ ಹೀರುತ್ತ ಕಾಡಿಸುತ್ತಿದ್ದೆವು. "ಒಮ್ಮೆ ನಾನೂ ಗೆಲ್ತೇನಿ ತಡೀರಿ" ಎಂದು ನಗುತ್ತಿದ್ದರು.

ಕೊನೆಯ ಪುಸ್ತಕ ಹಳೇ ಕಾಲದ ಒಂದು ದೇಸಗತಿ ಮನೆತನದ ಕಥೆ. ಊಟ ಮುಗಿಸಿ, ಔಷಧ ಕುಡಿದು, ಎಲೆ ಅಡಿಕೆ ಹಾಕಿಕೊಂಡ ದೇಸಾಯರು ಕೂತಲ್ಲೇ ಸತ್ತಿರುತ್ತಾರೆ. ತಮ್ಮ, ಲೆಕ್ಕ ನೋಡುವ ಕಾರಭಾರಿ, ಅಡಿಗೆಯಾಕೆ, ಎಲ್ಲರ ಮೇಲೂ ಗುಮಾನಿ. ಎರಡನೆಯ ತುಂಡು ಓದಿ ಅಕ್ಕೋರು ಹೇಳಿದ್ದರು: "ಆ ವೈದ್ಯ ಒಬ್ಬಾಂವ ಛಲೋ ಮನಷ್ಯಾ ನೋಡು."

ಅವರು ಯಾವಾಗಲೂ ಕಡೆಗೆ ಓದುವವರು, ನಾನು ಅವರಿಗಿಂತ ಮುಂಚೆ. ನಾಲ್ಕನೆಯ ತುಂಡು ನನ್ನ ಕೈಯಲ್ಲಿದ್ದಾಗಲೇ ಅವರು ದವಾಖಾನೆ ಸೇರಿದರು. ಹೊಟ್ಟೆಯಲ್ಲಿ ಗಡ್ಡೆ, ಮರುದಿನ ಬೆಳಿಗ್ಗೆ ಆಪರೇಷನ್. ಅವರನ್ನು ನೋಡಲು ಹೋಗುವಾಗ ಬಸ್ಸಿನಲ್ಲೇ ಓದಿ ಮುಗಿಸಿದೆ, ಅವರಿಗೆ ಕೊಟ್ಟು ಬರೋಣವೆಂದು. ಕೊನೆಯ ಪುಟ ಓದಿ ತುಂಡನ್ನು ಚೀಲದ ತಳಕ್ಕೆ ತುರುಕಿದೆ. ಔಷಧದಲ್ಲಿ ವಿಷ ಹಾಕಿ ಕೊಂದವನು ಅದೇ ವೈದ್ಯ.

ಅಕ್ಕೋರು ಮೂರನೆಯ ತುಂಡನ್ನು ನನ್ನ ಕೈಗಿಟ್ಟರು. ಕಿಸೆಯ ಬಾಯಿ ಅಂಟಿಸಿಯಾಗಿತ್ತು.

"ನಾಕನೇದು ತಂದೀ ಏನು?"

"ಮನ್ಯಾಗ ಮರತ ಬಂದೇನ್ರಿ, ಅಕ್ಕೋರ." ಅದು ನನ್ನ ಚೀಲದಲ್ಲೇ ಇತ್ತು.

"ಹೋಗ್ಲಿ, ಬಾಯಿಲೆ ಹೇಳು. ಯಾರ ಕೊಂದ್ರು?"

ಕಾಯ್ದೆ ಮಾಡಿದವರೇ ಕಾಯ್ದೆ ಮುರಿಯುತ್ತಿದ್ದರು... ನಾಳೆ ವೈದ್ಯರ ಕೈಗೆ ಜೀವ ಕೊಡುವವರಿಗೆ ಏನೆಂದು ಹೇಳಲಿ? ತಮ್ಮನೋ ಕಾರಭಾರಿಯೋ ಎಂದು ಸುಳ್ಳಾದರೂ ಹೇಳಬಹುದಿತ್ತು, ಅದೂ ಹೊಳೆಯಲಿಲ್ಲ ನನ್ನ ಮಂಕು ಬುದ್ಧಿಗೆ.

"ನೀವ ಮಾಡಿದ ಕಾಯ್ದೆ ಅಲ್ರಿ? ಆರಾಮಾಗಿ ಬರ್ರಿ, ಬಸ್ಸಿನ್ಯಾಗ ಕುಂತ ಓದೀರಂತ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸಣ್ಣಗೆ ನಕ್ಕರು. "ಅಂದ್ರ ಈ ಸಲಾನೂ ನಾ ಸೋತೇನಿ, ಬಿಡು."

ಅವರು ಮನೆಗೆ ಬರಲಿಲ್ಲ. ಆಪರೇಷನ್ ಆಗಿ ನಾಲ್ಕನೆಯ ದಿನ ಹೋಗಿಬಿಟ್ಟರು. ಐದು ಜನ ಓದಿದ ಮೇಲಲ್ಲವೇ ಕಿಸೆ ಒಡೆಯುವುದು... ಓದಿದವರು ನಾಲ್ಕೇ ಜನ. ಒಡೆಯಲು ಯಾರಿಗೂ ಮನಸ್ಸಾಗಲಿಲ್ಲ, ಮತ್ತೆ ಯಾರೂ ಪುಸ್ತಕ ಹರಿಯಲಿಲ್ಲ. ನಾಲ್ಕೂ ತುಂಡು ನನ್ನ ಟ್ರಂಕಿನಲ್ಲೇ ಉಳಿದವು. ಬಸ್ಸಿನ ಆ ಗುಂಪೂ ಒಬ್ಬೊಬ್ಬರಾಗಿ ನಿವೃತ್ತಿಯಾಗಿ ಚದುರಿತು.

ಮೊನ್ನೆ ಒಲೆ ಆರಿಸಿ ಟ್ರಂಕು ತೆಗೆದೆ. ಒಣಗಿದ ಅಂಟು, ಉಗುರು ತಾಗಿಸಿದೊಡನೆ ಬಿಟ್ಟುಕೊಂಡಿತು. ಐದು ಚೀಟಿ. ನಾನು ಕಾರಭಾರಿ ಎಂದು ಬರೆದಿದ್ದೆ. ಉಳಿದ ಮೂವರದೂ ತಪ್ಪು. ಕಡೆಯ ಚೀಟಿಯಲ್ಲಿ, ಕರಿಹಲಗೆಯ ಮೇಲೆ ಬರೆದಂಥ ದುಂಡು ಅಕ್ಷರ: "ವೈದ್ಯ. ಈ ಸಲ ಚಹಾ ನನಗ."

ಅಂದರೆ ಕೊಂದವನು ವೈದ್ಯನೇ ಎಂದು ಬರೆದಿಟ್ಟೇ ದವಾಖಾನೆಯ ಆ ಮಂಚದ ಮೇಲೆ ಮಲಗಿದ್ದರು. ಅಂಜಿದವಳು ನಾನು, ಅವರಲ್ಲ. "ವೈದ್ಯಾ ಕೊಂದಾನ್ರಿ, ಅಕ್ಕೋರ" ಎಂದು ಒಂದು ಮಾತು ಅಂದಿದ್ದರೆ ಸಾಕಾಗಿತ್ತು, ಅಷ್ಟೇ ಕೇಳಿದ್ದರು... ನೆಲದ ಮೇಲೆ ಕೂತು ಅತ್ತೆ. ಮೊಮ್ಮಗಳು ಬಂದು ಏನಾಯಿತೆಂದು ಕೇಳಿದಳು. ಒಬ್ಬರು ಗೆದ್ದಿದ್ದರು, ಅವರಿಗೆ ಹೇಳುವುದು ಉಳಿದುಹೋಯಿತು ಎಂದೆ.