ಸುಸ್ವಾಗತದ ಹಿಂದಿನ ಗೇಟು

ಮೊನ್ನೆ ನಾನೊಂದು ಫ್ಲೆಕ್ಸ್ ಹರಿದೆ. ಸಣ್ಣದಲ್ಲ, ಎರಡಾಳು ಎತ್ತರದ್ದು. ಅದರಲ್ಲಿ ನಾಲ್ಕು ಜನ ಸಾಹೇಬರು ಸಾಲಾಗಿ ಕೈಮುಗಿದು 'ಭಕ್ತಾದಿಗಳಿಗೆ ಹಾರ್ದಿಕ ಸುಸ್ವಾಗತ' ಅನ್ನುತ್ತಿದ್ದರು. ಹರಿದ ಮೇಲೆ ಮೂರೂವರೆ ಜನ ಉಳಿದರು.

ಪಶ್ಚಾತ್ತಾಪ? ಇಲ್ಲ. ವಿವರಣೆ ಇದೆ.

ಬಾಗೂರಿನ ನನ್ನ ಸೋದರತ್ತೆ ಜಯಮ್ಮನಿಗೆ ನಮ್ಮ ಜಿಲ್ಲೆಯ ಒಂದು ಬೆಟ್ಟದ ದೇವರೆಂದರೆ ಪ್ರಾಣ. (ಬೆಟ್ಟದ ಹೆಸರು ಬೇಡ. ಈ ಕಥೆಯಲ್ಲಿ ದೇವರು ಆರೋಪಿಯಲ್ಲ.) ವರ್ಷದ ವಿಶೇಷ ದರ್ಶನಕ್ಕೆ ಹೋಗಲೇಬೇಕು. ಮಾವನಿಗೆ ಮಂಡಿನೋವು. ಆದರೆ ಹೊಳೆನರಸೀಪುರದಲ್ಲಿ ದೇವರನ್ನು ನಂಬದ, ಸ್ಕೂಟರ್ ಮಾತ್ರ ಚೆನ್ನಾಗಿ ಓಡಿಸುವ ಅಣ್ಣನ ಮಗಳೊಬ್ಬಳಿದ್ದಾಳೆ. ಇನ್ನೇನು ಬೇಕು?

ದರ್ಶನವಾಗುವ ತನಕ ಹೊಟ್ಟೆಗೇನೂ ಹಾಕಬಾರದು ಅನ್ನುವ ಪದ್ಧತಿ ನಿಮಗೆ ಗೊತ್ತೇ ಇದೆ. ಅತ್ತೆ ಅದಕ್ಕೂ ಒಂದು ಹೆಜ್ಜೆ ಮುಂದೆ. ನೀರೂ ಇಲ್ಲ.

"ಒಂದು ಗುಟುಕು ಕುಡಿ ಅತ್ತೆ, ದೇವರೇನು ನೋಡ್ತಾ ಕೂತಿರಲ್ಲ."

"ಅವ್ನು ನೋಡ್ದೆ ಇದ್ರೆ ನಾನ್ಯಾಕೆ ಇಷ್ಟ್ ದೂರ ಬತ್ತಿದ್ದೆ? ಸುಮ್ಕೆ ನಿಂತ್ಕಳೆ."

ಚರ್ಚಾಸ್ಪರ್ಧೆಗಳಲ್ಲಿ ನನಗೆ ಇಂಥ ಎದುರಾಳಿ ಸಿಕ್ಕಿರಲಿಲ್ಲ.

ಸಾಲು ಅಂದರೆ ಎರಡೂ ಕಡೆ ಕಬ್ಬಿಣದ ಬ್ಯಾರಿಕೇಡ್, ತಲೆ ಮೇಲೆ ತಗಡು. ಮಧ್ಯಾಹ್ನದ ಹೊತ್ತಿಗೆ ಒಳಗಿದ್ದವರೆಲ್ಲ ಹಬೆಯಲ್ಲಿ ಬೆಂದ ಇಡ್ಲಿ. ಅಷ್ಟರಲ್ಲಿ ಮುಂದೆ ಸಾಲು ನಿಂತಿತು. ಯಾರೋ ವಿಐಪಿ ಬಂದರಂತೆ. ಮುಂದೆ ನಿಲ್ಲಿಸಿದರು, ಸರಿ. ಹಿಂದೆ ಜನ ಬಿಡುವುದನ್ನು ನಿಲ್ಲಿಸಲೇ ಇಲ್ಲ! ತುದಿ ಕಟ್ಟಿದ ಪೈಪಿಗೆ ನೀರು ಬಿಡುತ್ತಲೇ ಇದ್ದರೆ ಏನಾಗುತ್ತದೆ? ತೋಟಕ್ಕೆ ನೀರು ಹಾಯಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಪೂರ್ವಸಿದ್ಧತಾ ಸಭೆಯಲ್ಲಿ ಗೋಡಂಬಿ ತಿಂದವರಿಗೆ ಹೊಳೆದಿರಲಿಲ್ಲ.

ನೂಕು ಹೆಚ್ಚಾಯಿತು. ನನ್ನ ಕೈ ಎಲ್ಲಿದೆಯೆಂದು ನನಗೇ ತಿಳಿಯದಷ್ಟು. ಪಕ್ಕದಲ್ಲಿ ಅತ್ತೆಯ 'ಗೋವಿಂದಾ' ನಿಂತುಹೋಯಿತು. (ಅವರು ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ.) ತಿರುಗಿದರೆ, ತುಟಿ ಬಿಳಿಚಿದೆ, ಕತ್ತು ವಾಲಿದೆ. ಅವರು ತಮ್ಮ ಕಾಲ ಮೇಲೆ ನಿಂತಿರಲಿಲ್ಲ. ಸುತ್ತಲಿನ ಜನ ಒತ್ತಿ ನಿಲ್ಲಿಸಿದ್ದರು, ಅಷ್ಟೆ.

ನಮ್ಮ ಪಕ್ಕದಲ್ಲೇ ಒಂದು ಗೇಟು. ಮೇಲೆ ಕೆಂಪಕ್ಷರದಲ್ಲಿ 'ತುರ್ತು ನಿರ್ಗಮನ'. ವ್ಯವಸ್ಥೆ ಇಲ್ಲ ಅಂದವರು ಯಾರು? ಚಿಲಕ ತೆಗೆದು ತಳ್ಳಿದೆ. ಒಂದು ಗೇಣು ಹೋಗಿ ನಿಂತಿತು. ಆಚೆ ಕಡೆ ಗೇಟಿಗೆ ಅಡ್ಡಲಾಗಿ ಫ್ಲೆಕ್ಸ್ ಬಿಗಿದಿದ್ದರು. ಸುಸ್ವಾಗತದ ಬೆನ್ನು ನಮ್ಮ ಕಡೆಗಿತ್ತು.

ಸಂದಿಯಲ್ಲಿ ಒಬ್ಬ ಪೊಲೀಸಣ್ಣ ಕಂಡ.

"ಅಣ್ಣಾ, ಇದನ್ನ ಬಿಚ್ಚಿ! ನಮ್ಮತ್ತೆಗೆ ಉಸಿರು ಕಟ್ತಿದೆ!"

"ಅದ್ನ ಮುಟ್ಬೇಡಿ ಮೇಡಂ, ಸಾಹೇಬ್ರ ಪಟ ಐತೆ. ಆಮೇಲೆ ನಮ್ ತಲೆ ಮೇಲ್ ಬತ್ತದೆ."

ಹಿಂದಿದ್ದ ಹಿರೀಸಾವೆಯ ಹೋಟೆಲಿನವರೊಬ್ಬರು ತಮ್ಮ ಬೈಕಿನ ಕೀ ನನ್ನ ಕೈಗೆ ತುರುಕಿದರು. "ಕುಯ್ಯವ್ವ ಅತ್ಲಾಗೆ! ಪಟ ಇನ್ನೊಂದು ಮಾಡುಸ್ತಾರೆ. ಅತ್ತೆ ಇನ್ನೊಬ್ರು ಸಿಕ್ತಾರಾ?"

ಕುಯ್ದೆ. ಅರ್ಧ ಹರಿದು ಸಿಕ್ಕಿಕೊಂಡಿತು. ಉಳಿದರ್ಧವನ್ನು ಆಚೆಯಿಂದ ಯಾರೋ ಎಳೆದರು. ಯಾರು ಅಂತ ನಾನು ಹೇಳುವುದಿಲ್ಲ. ("ನಾನ್ ಎಳ್ದೆ ಅಂತ ಎಲ್ಲೂ ಏಳ್ಬೇಡಿ ಮೇಡಂ" ಎಂದು ಕೇಳಿಕೊಂಡಿದ್ದಾರೆ.)

ಅತ್ತೆ ಹೊರಬಂದರು. ಅವರ ಹಿಂದೆ ಇನ್ನಷ್ಟು ಜನ ಉಸಿರೆಳೆದುಕೊಳ್ಳುತ್ತ ಹೊರಬಿದ್ದರು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ, ಪಕ್ಕದ ಅರವಟಿಗೆಯಿಂದ ಪಾನಕ ತಂದು ಬಾಯಿಗಿಟ್ಟೆ. ಒಂದು ಲೋಟ ಇಳಿದ ಮೇಲೆ ಅತ್ತೆಗೆ ಪೂರ್ತಿ ಎಚ್ಚರ.

"ದರ್ಶ್ನ ಆಯ್ತಾ?"

"ಇಲ್ಲ."

"ಮತ್ಯಾಕೆ ಪಾನಕ ಕುಡುಸ್ದೆ, ಮುಂಡೇದೆ?"

ಅತ್ತೆ ಬದುಕಿದ್ದಾರೆ ಅಂತ ನನಗೆ ಖಾತ್ರಿಯಾದದ್ದು ಆಗ.

ಮಾರನೆಯ ದಿನ ಫೋನ್. ದರ್ಶನದ ಉಸ್ತುವಾರಿ ಕಚೇರಿಯಿಂದ. ಗೇಟಿನ ಮೇಲಿನ ಸಿಸಿಟಿವಿಯಲ್ಲಿ ನನ್ನ ಮುಖ ನೋಡಿ, ಪಾರ್ಕಿಂಗ್‌ನಲ್ಲಿ ಸ್ಕೂಟರ್ ನಂಬರ್ ಹಿಡಿದು, ನನ್ನನ್ನು ಪತ್ತೆಹಚ್ಚಿದ್ದರು. ಎಂಥ ಚುರುಕು!

"ಫ್ಲೆಕ್ಸ್ ಹರಿದಿದ್ದು ನೀವೇನಮ್ಮಾ?"

"ನಾನೇ ಸರ್. ಅದನ್ನ ತುರ್ತು ಗೇಟಿಗೆ ಕಟ್ಟಿದ್ದು ಯಾರು?"

"ಅದು ನಮ್ ವ್ಯಾಪ್ತಿಗೆ ಬರಲ್ಲ."

"ಮತ್ಯಾರ ವ್ಯಾಪ್ತಿಗೆ?"

ಗೇಟು ಒಂದು ಇಲಾಖೆಯದಂತೆ. ಬ್ಯಾರಿಕೇಡ್ ಗುತ್ತಿಗೆದಾರರದು. ಫ್ಲೆಕ್ಸ್ 'ಅಭಿಮಾನಿಗಳು' ಕಟ್ಟಿದ್ದು. ಜನ ಬಿಟ್ಟದ್ದು ಸ್ವಯಂಸೇವಕರು. ಹಾಗಾದರೆ ಸಾಹೇಬರದ್ದೇನು? ಪಟ ಮಾತ್ರವಾ? ಕೊನೆಗೆ ಫೋನಿನಲ್ಲಿದ್ದವರು ಅಧ್ಯಾತ್ಮಕ್ಕೆ ಇಳಿದರು. "ಏನೂ ಆಗ್ಲಿಲ್ವಲ್ಲ ಬಿಡಿ. ಅಷ್ಟ್ ಜನದಲ್ಲಿ ನಾವೇನ್ ಮಾಡೋಕಾಗುತ್ತೆ? ದೇವರೇ ಕಾಪಾಡಿದ."

ಫೋನ್ ಸ್ಪೀಕರ್‌ನಲ್ಲಿತ್ತು. ನಮ್ಮ ಮನೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದ ಅತ್ತೆ ಈ ಮಾತಿಗೆ ಕೈಮುಗಿಯುತ್ತಾರೆ ಅಂದುಕೊಂಡೆ. ಅವರು ಫೋನ್ ಕಿತ್ತುಕೊಂಡರು.

"ಸಾ, ದೇವ್ರು ಕಾಪಾಡ್ದ ಅನ್ನಾಕೆ ನಾನಿದೀನಿ. ನೀವ್ಯಾಕೆ ಅಂಗಂತೀರಾ? ಅವ್ನು ನನ್ ನೋಡ್ಕತಾನೆ, ನೀವ್ ಗೇಟ್ ನೋಡ್ಕಳಿ."

ಆ ಕಡೆ ಕಟ್.

ನಂಬಿಕೆಯ ವಿಷಯದಲ್ಲಿ ಅತ್ತೆಗೂ ನನಗೂ ಇನ್ನೂ ರಾಜಿಯಾಗಿಲ್ಲ. ಗೇಟಿನ ವಿಷಯದಲ್ಲಿ ಆಗಿದೆ. ಮುಂದಿನ ವರ್ಷ ದರ್ಶನ ಮಾಡಿಯೇ ತೀರುತ್ತಾರಂತೆ. "ಬರೋವಾಗ ಕತ್ರಿ ತಕ್ಕಂಡ್ ಬಾ" ಅಂತ ನನಗೆ ಈಗಲೇ ಆರ್ಡರ್ ಆಗಿದೆ.

ತರುತ್ತೇನೆ. ಆದರೆ ಒಂದೇ ಅನುಮಾನ. ಫ್ಲೆಕ್ಸ್ ಹರಿದ ನನ್ನನ್ನು ಅಷ್ಟು ಸ್ಪಷ್ಟವಾಗಿ ನೋಡಿದ ಆ ಕ್ಯಾಮೆರಾಕ್ಕೆ, ಅದೇ ಗೇಟಿನ ಒಳಗೆ ಬಿಳಿಚಿಕೊಂಡಿದ್ದ ಅತ್ತೆಯ ಮುಖ ಯಾಕೆ ಕಾಣಲಿಲ್ಲ?