ಕುಸ್ವಾತಿಯ ಹೆಸರಿನಲ್ಲಿದ್ದ ಮನೆ

ವಿನಾರ್ಸಿ ಹುಟ್ಟಿದ್ದು ಸೆಮರಾಂಗ್ ಎಂಬ ಕಡಲ ತೀರದ ಊರಿನ ತಗ್ಗು ಕೇರಿಯಲ್ಲಿ. ಅಲ್ಲಿ ಸಮುದ್ರದ ಉಬ್ಬರ ಬಂದಾಗಲೆಲ್ಲ ನೀರು ಹೇಳದೆ ಕೇಳದೆ ಮನೆಯೊಳಗೆ ನುಗ್ಗುತ್ತಿತ್ತು. ಅವಳ ಅಪ್ಪ ಮೂರು ಸಲ ಮಣ್ಣು ಹೊಯ್ದು ನೆಲ ಎತ್ತರಿಸಿದ. ಮೂರನೆಯ ಸಲಕ್ಕೆ ಬಾಗಿಲು ಎಷ್ಟು ಗಿಡ್ಡವಾಯಿತೆಂದರೆ, ತನ್ನ ಮನೆಯಿಂದ ಹೊರಬರಲು ಅವನು ಸೊಂಟ ಬಗ್ಗಿಸಬೇಕಾಯಿತು. ಆಗಿನ್ನೂ ಹತ್ತು ವರ್ಷದ ವಿನಾರ್ಸಿ, ದೊಡ್ಡವಳಾದ ಮೇಲೆ ಗುಡ್ಡದ ಮೇಲೆ ಮನೆ ಮಾಡುತ್ತೇನೆ, ತಲೆ ಎತ್ತಿಕೊಂಡು ಹೊರಗೆ ಬರುತ್ತೇನೆ ಎಂದಿದ್ದಳು. ಮನೆಯವರೆಲ್ಲ ನಕ್ಕಿದ್ದರು.

ಹದಿನೆಂಟಕ್ಕೆ ಬಟ್ಟೆ ಕಾರ್ಖಾನೆ ಸೇರಿದಳು. ಮೂವತ್ತಕ್ಕೆ ಸ್ವಂತ ಹೊಲಿಗೆ ಯಂತ್ರ ಕೊಂಡಳು. ಊರಿನ ದಕ್ಷಿಣದ ಗುಡ್ಡದಲ್ಲಿ ಗ್ರಿಯಾ ಮೆಲಾತಿ ಎಂಬ ಬಡಾವಣೆಯಿದೆ. ಅಲ್ಲಿ ದಾರ್ಸೋನೊ ಎಂಬ ನಿವೃತ್ತ ಮೇಷ್ಟರ ಪುಟ್ಟ ಮನೆಗೆ ಗಂಡನೊಂದಿಗೆ ಬಾಡಿಗೆಗೆ ಬಂದಳು. ಮದುವೆಗೆ ಹೆಂಗಸರು ಉಡುವ ಕಸೂತಿಯ ಕೆಬಾಯಾ ರವಿಕೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಂಡ ಮಾತ್ರ ಕೋಳಿ ಜೂಜಿನವನು. ಊರ ತುಂಬ ಸಾಲ ಮಾಡಿ, ಒಂದು ದಿನ ಕಾಲಿಮಂತಾನ್ ದ್ವೀಪದ ಹಡಗು ಹತ್ತಿದವನು ಮತ್ತೆ ಮುಖ ತೋರಿಸಲಿಲ್ಲ.

ಆಗ ಅವಳನ್ನು ಹಿಡಿದು ನಿಲ್ಲಿಸಿದವಳು ಪಕ್ಕದ ಮನೆಯ ಕುಸ್ವಾತಿ. ವಯಸ್ಸಿನಲ್ಲಿ ಆರು ವರ್ಷ ಹಿರಿಯಳು, ವಿಧವೆ, ಆಫೀಸಿನಲ್ಲಿ ಗುಮಾಸ್ತೆ, ಯೋಗಾ ಎಂಬ ಒಬ್ಬನೇ ಮಗ. ವಿನಾರ್ಸಿ ಅವಳನ್ನು ಮ್ಬಾಕ್ ಎನ್ನುತ್ತಿದ್ದಳು, ಅಕ್ಕಾ ಎಂದಂತೆ. ಅವಳು ಇವಳನ್ನು ದಿಕ್ ಎನ್ನುತ್ತಿದ್ದಳು, ತಂಗಿ ಎಂದಂತೆ. ಓಣಿಯ ಉಳಿದವರು ಮರ್ಯಾದೆಗೆ ಗಂಡಸರನ್ನು ಪಾಕ್, ಹೆಂಗಸರನ್ನು ಬು ಎನ್ನುತ್ತಿದ್ದರು. ವಿನಾರ್ಸಿಗೆ ವಿಷಮಶೀತ ಜ್ವರ ಬಂದಾಗ ಕುಸ್ವಾತಿ ರಜೆ ಹಾಕಿ ಒಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಅದು ಸುಳ್ಳಲ್ಲ. ಆಮೇಲೆ ಎಷ್ಟು ಸಿಟ್ಟು ಬಂದಾಗಲೂ ವಿನಾರ್ಸಿಗೆ ಅದನ್ನು ಸುಳ್ಳೆನ್ನಲು ಆಗಲಿಲ್ಲ.

ದಾರ್ಸೋನೊ ಮೇಷ್ಟರು ಮನೆ ಮಾರಲು ಹೊರಟಾಗ ಮೊದಲು ವಿನಾರ್ಸಿಯನ್ನೇ ಕೇಳಿದರು. ಅವಳು ಕೂಡಿಟ್ಟದ್ದನ್ನೆಲ್ಲ ತೆಗೆದಳು, ಅಮ್ಮನ ಬಳೆ ಮಾರಿದಳು. ಕಾಗದದ ದಿನ ಹತ್ತಿರ ಬಂದಾಗ ಕುಸ್ವಾತಿ ಹೇಳಿದಳು:

"ದಿಕ್ ವಿನ್, ನಿನ್ನ ಹೆಸರಿಗೆ ಮಾಡಿಸ್ಬೇಡ. ನಿಂಗಿನ್ನೂ ತಲಾಖ್ ಆಗಿಲ್ಲ. ನಾಳೆ ಆ ಪುಣ್ಯಾತ್ಮ ಬಂದು ಅರ್ಧ ನಂದು ಅಂದ್ರೆ? ಅವನ ಸಾಲಗಾರರು ಬಾಗಿಲಿಗೆ ಬಂದು ಕೂತ್ರೆ?"

"ಮತ್ತೆ ಯಾರ ಹೆಸರಿಗೆ ಮಾಡ್ಸೋದು?"

"ಸದ್ಯಕ್ಕೆ ನನ್ನ ಹೆಸರಲ್ಲಿರ್ಲಿ. ಅವನ ಕಾಟ ಕಳೆದ ದಿನ ತಿರುಗಿ ಬರ್ಕೊಡ್ತೀನಿ. ಅಲ್ವೇ, ನಾನೇನು ಹೊರಗಿನವಳಾ?"

ನೋಟರಿಯ ಕಚೇರಿಯಲ್ಲಿ ವಿನಾರ್ಸಿ ಹಣದ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಚೀಲ ಅವಳ ಕೈಯಿಂದ ಮೇಷ್ಟರ ಕೈಗೆ ಹೋಯಿತು. ಪೆನ್ನು ಮೇಷ್ಟರಿಂದ ಕುಸ್ವಾತಿಗೆ, ಕುಸ್ವಾತಿಯಿಂದ ನೋಟರಿಗೆ ಹೋಯಿತು. ಅವಳ ಕಡೆಗೆ ಬರಲಿಲ್ಲ.

ಹನ್ನೊಂದು ವರ್ಷ ಕಳೆಯಿತು. ವಿನಾರ್ಸಿ ಅಡುಗೆಮನೆಗೆ ಟೈಲ್ಸ್ ಹಾಕಿಸಿದಳು, ಕೊಳವೆಬಾವಿ ತೆಗೆಸಿದಳು, ಸೋರುವ ಹೆಂಚು ತೆಗೆಸಿ ಹೊಸದು ಹೊದಿಸಿದಳು. ವರ್ಷಕ್ಕೊಮ್ಮೆ ಮನೆ ಕಂದಾಯದ ದುಡ್ಡು ಕುಸ್ವಾತಿಯ ಕೈಗೆ ಕೊಡುತ್ತಿದ್ದಳು. ಆಫೀಸಿನ ಅಭ್ಯಾಸದ ಕುಸ್ವಾತಿ ದುಂಡು ಅಕ್ಷರದಲ್ಲಿ ಚೀಟಿ ಬರೆದುಕೊಡುತ್ತಿದ್ದಳು: "ವಿನಾರ್ಸಿಯಿಂದ ಮನೆಯ ಬಾಬ್ತು ಪಡೆದಿದ್ದೇನೆ." ವಿನಾರ್ಸಿ ಅವನ್ನೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನ ಮಾಡಿದಳು.

ಅದರಲ್ಲಿ ಎಂಟನೆಯ ವರ್ಷ, ಗಂಡ ಕಾಲಿಮಂತಾನಿನಲ್ಲೇ ತೀರಿಕೊಂಡನೆಂದು ಸುದ್ದಿ ಬಂತು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ ವಿನಾರ್ಸಿ ಕೇಳಿದಳು: "ಮ್ಬಾಕ್, ಇನ್ನು ಹೆಸರು ಬದಲಾಯಿಸ್ಬಹುದಲ್ವಾ?" ಹಬ್ಬ ಕಳೀಲಿ ಎಂದಳು ಕುಸ್ವಾತಿ. ಹಬ್ಬ ಕಳೆಯಿತು. ನೋಟರಿ ಖರ್ಚು ಈಗ ಜಾಸ್ತಿ, ತಡಿ ಎಂದಳು. ಆಮೇಲೆ, ಯೋಗಾನ ಮದುವೆಯೊಂದು ಮುಗೀಲಿ ಎಂದಳು. ವಿನಾರ್ಸಿಯ ಹತ್ತಿರ ಅನುಮಾನ ಸುಳಿಯಲಿಲ್ಲ. ಯೋಗಾನನ್ನು ಅವಳೂ ಎತ್ತಿ ಆಡಿಸಿದವಳೇ. ವರನ ತಾಯಿಗೆಂದು ಎರಡು ತಿಂಗಳು ಕೂತು, ಮಣಿ ಮಣಿ ಪೋಣಿಸಿ, ಜೇಡಿಮಣ್ಣಿನ ಬಣ್ಣದ ಕೆಬಾಯಾ ಹೊಲಿದಳು. ಕೂಲಿಯ ಮಾತೆತ್ತಿದ್ದಕ್ಕೆ ಕುಸ್ವಾತಿಯನ್ನೇ ಗದರಿದಳು. ಮದುವೆಯಲ್ಲಿ ಮನೆಯವರ ಸಾಲಿನಲ್ಲೇ ನಿಂತಳು.

ಮದುವೆಯಾದ ಐದನೆಯ ದಿನ ಮಧ್ಯಾಹ್ನ ಕುಸ್ವಾತಿ ಪದರ ಪದರದ ಕೇಕು ಹಿಡಿದು ಬಂದಳು.

"ದಿಕ್ ವಿನ್, ಹೊಸ ಸೊಸೆ ನನ್ನ ಜೊತೆ ಒಂದೇ ಮನೇಲಿ ಇರಲ್ವಂತೆ. ಪಕ್ಕದ ಮನೆ ಆದ್ರೆ ಆಗ್ಬಹುದಂತೆ."

ವಿನಾರ್ಸಿ ನಕ್ಕಳು. "ಮಹಾರಾಣಿ! ಯಾವ ಪಕ್ಕದ್ದು? ಆ ಕಡೆ ಮನೆ ಪಾಕ್ ತುಕಿರಾನ್ ಮಾರ್ತಿದ್ದಾರಾ?"

ಕುಸ್ವಾತಿ ನಗಲಿಲ್ಲ. ಕೇಕನ್ನು ಸಣ್ಣದಾಗಿ ಕತ್ತರಿಸುತ್ತ ಹೇಳಿದಳು, "ಈ ಪಕ್ಕದ್ದು."

ವಿನಾರ್ಸಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಇದು ನನ್ನ ಮನೆ, ಮ್ಬಾಕ್."

"ನೀನಿದ್ದ ಮನೆ. ನಾನೇನು ಇಲ್ಲ ಅಂದ್ನಾ? ಹನ್ನೊಂದು ವರ್ಷದಲ್ಲಿ ಒಂದಿನ ಏಳು ಅಂದಿದ್ದೀನಾ? ಈಗ ಮಗನ ಸಂಸಾರದ ಪ್ರಶ್ನೆ. ಉಪವಾಸದ ತಿಂಗಳು ಶುರು ಆಗೋವರೆಗೆ ಇರು, ಆತುರ ಇಲ್ಲ."

"ದುಡ್ಡು ಕೊಟ್ಟೋಳು ನಾನು! ನಿಮ್ಮ ಕಣ್ಣೆದುರಿಗೇ ಕೊಟ್ಟಿದ್ದು!"

"ಆಸ್ಪತ್ರೇಲಿ ಒಂಬತ್ತು ದಿನ ಯಾರು ಕೂತಿದ್ರು, ವಿನ್? ನಾನು ಅದನ್ನ ಯಾವತ್ತಾದ್ರೂ ಲೆಕ್ಕಕ್ಕೆ ಹಿಡಿದಿದ್ದೀನಾ?"

ವಿನಾರ್ಸಿಗೆ ಆ ಮಾತು ಮನೆಯ ಮಾತಿಗಿಂತ ಹೆಚ್ಚು ಉರಿಯಿತು. ಇಷ್ಟು ವರ್ಷ ಪ್ರೀತಿ ಎಂದುಕೊಂಡದ್ದಕ್ಕೆ ಇವಳ ಬಳಿ ಒಂದು ಬೆಲೆ ಇತ್ತು.

ಓಣಿಯ ಮುಖ್ಯಸ್ಥ ತುಕಿರಾನ್ ತನ್ನ ಜಗಲಿಯಲ್ಲಿ ಚಾಪೆ ಹಾಸಿ ಇಬ್ಬರನ್ನೂ ಕೂರಿಸಿದ. ನೆರೆಯವರೂ ಬಂದರು. ವಿನಾರ್ಸಿ ಬಿಸ್ಕತ್ತಿನ ಡಬ್ಬ ತೆರೆದು ಚೀಟಿಗಳನ್ನು ಸಾಲಾಗಿ ಹರವಿದಳು. ಕುಸ್ವಾತಿ ಒಂದನ್ನೆತ್ತಿ ಗಟ್ಟಿಯಾಗಿ ಓದಿದಳು. "ಮನೆಯ ಬಾಬ್ತು ಪಡೆದಿದ್ದೇನೆ. ನೋಡಿ ಪಾಕ್, ವರ್ಷಕ್ಕೊಂದು. ಬಾಡಿಗೆ ಚೀಟಿ ಇನ್ನು ಹೇಗಿರುತ್ತೆ?"

ಸಾಕ್ಷಿ ಹೇಳಬೇಕಾದ ದಾರ್ಸೋನೊ ಮೇಷ್ಟರು ಮಣ್ಣು ಸೇರಿ ಆರು ವರ್ಷವಾಗಿತ್ತು. ವಿನಾರ್ಸಿ ತುಕಿರಾನನ ಕಡೆ ತಿರುಗಿದಳು. "ಪಾಕ್, ನಾನು ಮನೆ ಕೊಂಡಾಗ ಊಟ ಹಾಕಿಸಿದ್ನಲ್ಲ. ಹಿರಿಯರು ಅಂತ ಹಳದಿ ಅನ್ನದ ಗೋಪುರದ ತುದಿ ಕತ್ತರಿಸಿದ್ದು ನೀವೇ ಅಲ್ವಾ?"

ತುಕಿರಾನ್ ಸಿಗರೇಟಿನ ಬೂದಿ ಕೊಡವಿದ. "ಊಟ ಮಾಡಿದ್ದೀನಿ, ಬು ವಿನ್. ಮನೆ ಯಾರದ್ದು ಅಂತ ವಿಚಾರಿಸಿ ಯಾರಾದ್ರೂ ಊಟಕ್ಕೆ ಕೂರ್ತಾರಾ?"

ಯಾರೋ ಕಿಸಕ್ಕನೆ ನಕ್ಕರು. ನಿಜ ಎಲ್ಲರಿಗೂ ಗೊತ್ತಿತ್ತು. ಅವಳು ಹೊಲಿದ ಬಟ್ಟೆಯನ್ನೇ ಉಟ್ಟು ಬಂದಿದ್ದ ಇಬ್ಬರು ಹೆಂಗಸರು ಚಾಪೆಯ ಅಂಚು ಕೀಳುತ್ತ ಕೂತರು. ವಕೀಲರನ್ನು ಕಂಡದ್ದೂ ಆಯಿತು. ಕರಾರಿನ ಒಂದು ಸಾಲಾದರೂ ಬರಹದಲ್ಲಿದೆಯೇ ಎಂದು ಅವರು ಕೇಳಿದರು. ಇರಲಿಲ್ಲ.

ಮನೆ ಬಿಡುವ ದಿನ ಕುಸ್ವಾತಿ ಒಂದು ಲಕೋಟೆ ನೀಡಿದಳು, ಸಹಾಯಕ್ಕೆ ಎಂದಳು. ವಿನಾರ್ಸಿ ಮುಟ್ಟಲಿಲ್ಲ. ಆ ದುಡ್ಡು ಬಿಟ್ಟು ಬಂದದ್ದಕ್ಕೆ ಆಮೇಲೆ ಎಷ್ಟೋ ಸಲ ತನ್ನನ್ನೇ ಬೈದುಕೊಂಡದ್ದೂ ಉಂಟು. ಅದೇ ಗುಡ್ಡದ ಇಳಿಜಾರಿನಲ್ಲಿ, ಕಾಲೇಜು ಹುಡುಗಿಯರ ವಸತಿಮನೆಯ ಹಿಂಬದಿಗೆ, ಒಂದು ಕೋಣೆ ಬಾಡಿಗೆಗೆ ಹಿಡಿದು ಯಂತ್ರ ಹೂಡಿದಳು. ಗಿರಾಕಿಗಳು ಹುಡುಕಿಕೊಂಡು ಬಂದರು. ಹಳೆಯ ಓಣಿಯವರು ಬಂದರೆ ಮಾತ್ರ, ಕೈ ತುಂಬ ಕೆಲಸ ಇದೆ ಎಂದು ಕಳಿಸಿಬಿಡುತ್ತಿದ್ದಳು.

ಆ ವರ್ಷ ಉಪವಾಸದ ತಿಂಗಳು ಮುಗಿದು ಬಂದ ಲೆಬಾರಾನ್ ಹಬ್ಬದ ದಿನ, ಎಲ್ಲರೂ ಎಲ್ಲರ ಕ್ಷಮೆ ಕೇಳುವ ಹೊತ್ತಿನಲ್ಲಿ, ಕುಸ್ವಾತಿ ಸೊಸೆಯನ್ನು ಕರೆದುಕೊಂಡು ಬಂದಳು. ಕಿರಿಯರೇ ಹಿರಿಯರ ಮನೆಗೆ ಹೋಗುವುದು ರೂಢಿ, ಹಿರಿಯಳಾದ ಅವಳು ಬರಬೇಕಾಗಿರಲಿಲ್ಲ. ಓಣಿಯವರು ಏನಾದರೂ ಆಡಿಕೊಂಡಿದ್ದರೇನೋ. ವಿನಾರ್ಸಿ ಕೂರಲು ಹೇಳಿದಳು, ಚಹಾ ಕೊಟ್ಟಳು.

ಸೊಸೆ ಮುಗ್ಧವಾಗಿ ಹೇಳಿದಳು: "ಮೊದಲು ಬಾಡಿಗೆಗಿದ್ದೋರು ನೀವೇ ಅಂತಲ್ಲ, ಬು? ಮನೆ ಎಷ್ಟು ಚೆನ್ನಾಗಿ ಇಟ್ಕೊಂಡಿದ್ರಿ! ಅಡುಗೆಮನೆ ಟೈಲ್ಸ್ ನಂಗೆ ತುಂಬಾ ಇಷ್ಟ."

ಕುಸ್ವಾತಿ ತಡವರಿಸಿ ಎರಡೂ ಕೈ ಮುಂದೆ ಚಾಚಿದಳು. "ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನೆಲ್ಲ ಮನ್ನಿಸು, ದಿಕ್ ವಿನ್."

"ತಿಳಿಯದೆ ಮಾಡಿದ್ದನ್ನೆಲ್ಲ ಮನ್ನಿಸಿದ್ದೀನಿ, ಬು ಕುಸ್ವಾತಿ," ಎಂದಳು ವಿನಾರ್ಸಿ. ಮ್ಬಾಕ್ ಎನ್ನಲಿಲ್ಲ. "ತಿಳಿದು ಮಾಡಿದ್ದು ಹಾಗೇ ಇರ್ಲಿ."

ಚಾಚಿದ ಕೈಗಳನ್ನು ಅವಳು ಮುಟ್ಟಲಿಲ್ಲ. ಸೊಸೆ ಒಮ್ಮೆ ಇವಳನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಕುಸ್ವಾತಿ ಚಪ್ಪಲಿ ಮೆಟ್ಟಿ ಸೊಸೆಗಿಂತ ಮೊದಲೇ ಇಳಿಜಾರು ಇಳಿದಳು. "ಅತ್ತೆ, ಅವರು ಯಾಕೆ ಹಾಗಂದ್ರು?" ಎಂದು ಹುಡುಗಿ ಹಿಂದಿನಿಂದ ಕೇಳುತ್ತಿದ್ದುದು ತಿರುವಿನವರೆಗೂ ಕೇಳಿಸುತ್ತಿತ್ತು.